ತಾಯಮ್ಮ ಎಡೆ ಇಟ್ಟ ಹೆಸರು

ಕಂಬ ಬೀಳಬಹುದಿತ್ತು. ಸ್ಮಾರಕದ ಅಷ್ಟೆತ್ತರದ ಕಲ್ಲಿನ ಕಂಬ, ಬುಡದ ಸಿಮೆಂಟು ಸರಿಯಾಗಿ ಕಚ್ಚಿಕೊಂಡಿತ್ತೋ ಇಲ್ಲವೋ. ಮಂತ್ರಿಗಳು ದಾರ ಎಳೆದಾಗ ಪರದೆ ಅರ್ಧಕ್ಕೇ ಸಿಕ್ಕಿಕೊಳ್ಳಬಹುದಿತ್ತು. ವಾಲಗದ ಸದ್ದಿಗೆ ಆಲದ ಮರದ ಹೆಜ್ಜೇನು ಏಳಬಹುದಿತ್ತು. ಕೋಟೆ ಮುತ್ತಿದ ದಂಡು ಯಾರದೆಂದು ವರ್ಷಗಟ್ಟಲೆ ಕಿತ್ತಾಡಿದ ಎರಡು ಗುಂಪಿನವರು ಮಂತ್ರಿಗಳ ಎದುರಿಗೇ ತೋಳೇರಿಸಬಹುದಿತ್ತು — ಪಕ್ಕದ ಮ್ಯೂಸಿಯಮ್ಮಿನಲ್ಲಿ ಗಾಜಿನ ಹಿಂದೆ ಹಳೇ ಕತ್ತಿಗಳಿದ್ದವು. ತುಕ್ಕು ಹಿಡಿದಿದ್ದರೂ ಕತ್ತಿ ಕತ್ತಿಯೇ. ಊಟದ ಸಾರಿಗೆ ಹಲ್ಲಿ ಬೀಳಬಹುದಿತ್ತು. ಸ್ವಾಗತ ಭಾಷಣದಲ್ಲಿ ನಾನೇ ಈಗಿನ ಮಂತ್ರಿಗಳನ್ನು ಹಿಂದಿನ ಮಂತ್ರಿಗಳ ಹೆಸರಿನಿಂದ ಕರೆದುಬಿಡಬಹುದಿತ್ತು.

ಇದ್ಯಾವುದೂ ಆಗಲಿಲ್ಲ. ಕಂಬ ಈಗಲೂ ನಿಂತಿದೆ. ಪರದೆ ಹೇಳಿದ ಮಾತು ಕೇಳಿತು. ಹೆಜ್ಜೇನು ಮಲಗಿಯೇ ಇತ್ತು.

ಆದದ್ದು ಇಷ್ಟು. ಜನರೆಲ್ಲ ಊಟದ ಪೆಂಡಾಲಿನತ್ತ ನುಗ್ಗುತ್ತಿದ್ದಾಗ ಒಬ್ಬ ಮುದುಕಿ ನನ್ನನ್ನು ಹುಡುಕಿಕೊಂಡು ಬಂದು, ಹೆಸರು ಕೆತ್ತಿದ ಕಪ್ಪು ಕಲ್ಲಿನ ಗೋಡೆಯ ಮುಂದೆ ನಿಂತು, ತನ್ನ ಮನೆಯ ಹಿರಿಯನ ಹೆಸರು ಎಲ್ಲಿದೆ ಎಂದು ಕೇಳಿದಳು. ಆ ಹೆಸರು ಗೋಡೆಯಲ್ಲಿರಲಿಲ್ಲ. ಬಿಟ್ಟವನು ನಾನು. ಅವಳಿಗೆ ಓದು ಬರುತ್ತಿರಲಿಲ್ಲ — ಅದೂ ನನಗೆ ಗೊತ್ತಿತ್ತು. ಅವಳ ತೋರುಬೆರಳು ಹಿಡಿದು ಬೇರೆ ಯಾರದೋ ಹೆಸರಿನ ಮೇಲೆ ಇಟ್ಟೆ. ‘ಇದೇ ಅವ್ವ’ ಎಂದೆ.

ಬೇರೆ ಯಾರದೋ ಎಂದೆನಲ್ಲ — ಅದೂ ಅರ್ಧ ಸುಳ್ಳು. ಯಾರದೆಂದು ಹೇಳುತ್ತೇನೆ. ಹೇಳಲೆಂದೇ ಕುಳಿತಿದ್ದೇನೆ.

ಊರಿನ ಹೆಸರು ಬೇಡ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು, ಹೊಗೆಸೊಪ್ಪಿನ ಹೊಲಗಳ ನಡುವೆ ಒಳಕ್ಕೆ ನಡೆದರೆ ಸಿಗುವ ಊರುಗಳಲ್ಲಿ ಒಂದು. ಊರ ಬೆನ್ನಿಗೆ ಮಣ್ಣಿನ ಕೋಟೆ. ಕೋಟೆ ಎನ್ನುವುದು ನಮ್ಮ ಅಭಿಮಾನ. ಪರವೂರಿನವರ ಕಣ್ಣಿಗೆ ಅದು ಕಳ್ಳಿ ಬೆಳೆದ ದಿಬ್ಬ. ಎಷ್ಟೋ ತಲೆಮಾರಿನ ಹಿಂದೆ ಒಂದು ದಂಡು ಬಂದು, ಆ ಕೋಟೆ ಮುತ್ತಿ, ಒಳಗಿದ್ದವರನ್ನು ಕಡಿದುಹಾಕಿತು ಎನ್ನುವುದು ಎಲ್ಲರೂ ಒಪ್ಪುವ ಮಾತು. ಅಲ್ಲಿಂದಾಚೆಗೆ ಒಪ್ಪಿಗೆ ಮುಗಿಯಿತು. ದಂಡು ಪಡುವಲಿಂದ ಬಂದಿತೋ ಮೂಡಲಿಂದ ಬಂದಿತೋ, ಸತ್ತವರು ಸೈನಿಕರೋ ಸಂಸಾರಸ್ಥರೋ, ಮೊದಲು ಕೈ ಎತ್ತಿದವರು ಯಾರೋ — ತೊಂಬತ್ತರ ದಶಕದಲ್ಲಿ ಸ್ಮಾರಕ ಕಟ್ಟುವ ಮಾತು ಬಂದಾಗ ಇದೆಲ್ಲ ಹೊಸದಾಗಿ ಎದ್ದು ಕೂತಿತು. ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುತ್ತಿದ್ದೆನೆಂಬ ಒಂದೇ ತಪ್ಪಿಗೆ ನನ್ನನ್ನು ಸಮಿತಿಯ ಕಾರ್ಯದರ್ಶಿ ಮಾಡಿದರು. ಕೊನೆಗೆ ಕಲ್ಲಿನ ಮೇಲೆ ‘ಶತ್ರು ಸೈನ್ಯ’ ಎಂದಷ್ಟೇ ಬರೆಸಿ ಎರಡೂ ಗುಂಪನ್ನು ಸಮಾಧಾನ ಮಾಡಿದವನು ನಾನು. ಯಾರಿಗೂ ನೋವಾಗದ ಪದ ಹುಡುಕುವುದರಲ್ಲಿ ನಾನು ಪಳಗಿದವನು. ನನಗೆ ನೋವಾಗದ ಪದ ಎಂದು ಓದಿಕೊಂಡರೂ ಆದೀತು.

ಇಷ್ಟೆಲ್ಲ ಜಗಳದಲ್ಲಿ ಒಂದು ವಿಷಯಕ್ಕೆ ಮಾತ್ರ ಎರಡು ಮಾತಿರಲಿಲ್ಲ. ಕೋಟೆಯ ಬಾಗಿಲು ಒಳಗಿನಿಂದಲೇ ಯಾರೋ ತೆಗೆದರು, ತೆಗೆದವನು ಇಂಥ ಮನೆಯವನು. ಆ ಮನೆಗೆ ‘ಬಾಗಿಲವರ ಮನೆ’ ಎಂದೇ ಹೆಸರು. ನನ್ನ ಗೆಳೆಯ ಚಿಕ್ಕಸ್ವಾಮಿ ಆ ಮನೆಯವನು. ಒಂದನೇ ಕ್ಲಾಸಿನಿಂದ ಒಟ್ಟಿಗೆ ಕೂತವರು ನಾವು. ಟೀ ಅಂಗಡಿಯಲ್ಲಿ ಅವನು ಎದ್ದು ಹೊರಟರೆ ಸಾಕು, ‘ವಸಿ ಬಾಗ್ಲು ಆಕ್ಕೊಂಡ್ ಓಗ್ಲಾ, ನಿಮ್ಮೋರ್ಗೆ ಅಭ್ಯಾಸ ಇಲ್ಲ’ ಎಂದು ಯಾರಾದರೂ ಅನ್ನುವರು. ಅವನೂ ನಗುತ್ತಿದ್ದ. ‘ತೆಗ್ದೇ ಇರ್ಲಿ ಬುಡು, ನಿಮ್ಮಂತೋರು ಒಳೀಕ್ ಬರೋದು ಎಂಗೆ?’ ಎನ್ನುತ್ತಿದ್ದ. ನಾನೂ ನಗುತ್ತಿದ್ದೆ. ಅವನ ತಂಗಿಗೆ ಕೆ.ಆರ್. ನಗರದ ಕಡೆಯಿಂದ ಬಂದ ಸಂಬಂಧ ಈ ಮಾತು ಕಿವಿಗೆ ಬಿದ್ದು ಮುರಿದುಹೋದಾಗ ಮಾತ್ರ ಯಾರೂ ನಗಲಿಲ್ಲ. ಯಾರೂ ಬೇರೆ ಏನೂ ಹೇಳಲೂ ಇಲ್ಲ.

ತಾಯಮ್ಮ ಚಿಕ್ಕಸ್ವಾಮಿಯ ತಾಯಿ.

ಸತ್ತವರ ಹೆಸರುಗಳನ್ನು ಗೋಡೆಯಲ್ಲಿ ಕೆತ್ತಿಸಬೇಕೆಂದು ಸಮಿತಿ ತೀರ್ಮಾನಿಸಿತಷ್ಟೆ. ಯಾವ ಶಾಸನದಲ್ಲೂ ಹೆಸರಿಲ್ಲ. ನಮ್ಮಲ್ಲಿ ಮಹಾಲಯದ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಒಬ್ಬೊಬ್ಬರ ಹೆಸರೂ ಕರೆಯುತ್ತಾರೆ. ಮನೆ ಮನೆಗೆ ಹೋಗಿ ಅದನ್ನೇ ಕೇಳುವುದು ಎಂದಾಯಿತು. ಹೋದೆ. ಕೋಟೆ ಬಿದ್ದ ದಿನ ಸತ್ತವರು ಇಲ್ಲದ ಮನೆಯೇ ಇರಲಿಲ್ಲ. ತಾತನ ಕಾಲಕ್ಕೆ ಸರಗೂರಿನ ಕಡೆಯಿಂದ ಬಂದು ನೆಲೆ ನಿಂತ ಮನೆಯವರೂ ಒಬ್ಬರನ್ನು ಕೊಟ್ಟರು. ಅಷ್ಟು ಜನ ಸಾಯುವುದಿರಲಿ, ನಿಲ್ಲುವುದಕ್ಕೂ ಆ ದಿಬ್ಬದೊಳಗೆ ಜಾಗ ಸಾಲದು. ಎಲ್ಲವನ್ನೂ ಸೇರಿಸಿದೆ. ಇಲ್ಲ ಅನ್ನುವುದು ಹೇಗೆ? ಬೇಜಾರಾದರೆ?

ತಾಯಮ್ಮನ ಮನೆಗೆ ಕೊನೆಯಲ್ಲಿ ಹೋದೆ. ಹೋಗದೆ ಇರಬಹುದಾಗಿತ್ತು, ಗೆಳೆಯನ ಮನೆ, ಬಿಟ್ಟರೆ ಚೆನ್ನಾಗಿರುವುದಿಲ್ಲ ಎಂದು ಹೋದೆ. ಅವಳು ನನ್ನನ್ನು ಒಳಗೆ ಕರೆದು ಬೀದಿ ಬಾಗಿಲು ಹಾಕಿದಳು.

ಬೇರೆ ಮನೆಗಳಲ್ಲಿ ಹಿರಿಯರು ಒಳಗೆ ಬರಲೆಂದು ಬಾಗಿಲು ತೆಗೆದಿಟ್ಟು ಎಡೆ ಇಡುತ್ತಾರೆ. ಆ ಮನೆಯಲ್ಲಿ ಮಾತ್ರ ಬಾಗಿಲು ಮುಚ್ಚಿ, ಹೊಸಿಲಿನ ಒಳಗೆ, ಬಾಗಿಲಿಗೆ ತಾಗಿದಂತೆ ಎಲೆ ಹಾಕುತ್ತಾರೆ. ಊರಿನವರು ಅದಕ್ಕೂ ಅರ್ಥ ಕಟ್ಟಿದ್ದರು — ನಾಚಿಕೆಗೆ ಮುಚ್ಚಿಕೊಳ್ಳುತ್ತಾರೆ, ಎಂದು. ತಾಯಮ್ಮ ಅವತ್ತು ಹೇಳಿದ್ದು ಬೇರೆ. ಅವರ ಹಿರಿಯ ಕೋಟೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದನಂತೆ. ಎಲ್ಲರೂ ಹಿಂದಕ್ಕೆ ಓಡಿದರೂ ಅವನು ಕದಲಲಿಲ್ಲವಂತೆ. ಬಾಗಿಲು ಮುರಿದು ಅವನ ಮೇಲೇ ಬಿತ್ತಂತೆ. ದಂಡು ಒಳಗೆ ಬಂದದ್ದು ಆ ಹಲಗೆಯನ್ನು ತುಳಿದುಕೊಂಡು. ಹಲಗೆ ಎತ್ತಿ ನೋಡಿದವರು ಯಾರೂ ಉಳಿಯಲಿಲ್ಲ. ಬಾಗಿಲ ಹತ್ತಿರ ಇದ್ದವನು ಅವನು ಎನ್ನುವುದು ಮಾತ್ರ ಉಳಿಯಿತು.

‘ಮುಚ್ಕಂಡೇ ಸತ್ತೋನು ಕಣಪ್ಪ. ಅದ್ಕೇ ಮುಚ್ಚೇ ಇಕ್ಕೋದು’ ಎಂದಳು.

ಅವನ ಹೆಸರನ್ನು ಆ ಮನೆಯಲ್ಲಿ ಗಂಡಸರಿಗೆ ಹೇಳುವಂತಿಲ್ಲ. ಹೇಳಿದರೆ ಎಲ್ಲಿಯೋ ಮಾತಿಗೆ ಮಾತು ಬೆಳೆದು ಹೊಡೆದಾಟವಾದೀತೆಂದು ಯಾರೋ ಒಬ್ಬ ಅಜ್ಜಿ ಮಾಡಿಟ್ಟ ಕಟ್ಟು. ಎಡೆ ಇಡುವಾಗ ಮನೆಯ ಹಿರಿ ಹೆಂಗಸು ಅದನ್ನು ಬಾಗಿಲ ಸಂದಿಗೆ ಬಾಯಿಟ್ಟು ಉಸುರುತ್ತಾಳೆ. ಅತ್ತೆ ಸೊಸೆಯ ಕಿವಿಯಲ್ಲಿ ಹೇಳುತ್ತಾಳೆ, ಸೊಸೆ ತನ್ನ ಸೊಸೆಗೆ. ಚಿಕ್ಕಸ್ವಾಮಿಗೂ ಗೊತ್ತಿಲ್ಲ. ತಾಯಮ್ಮ ಅದನ್ನು ನನ್ನ ಕಿವಿಯಲ್ಲಿ ಹೇಳಿದಳು — ಎಲೆ ಅಡಿಕೆಯ ಬಿಸಿ ಉಸಿರು, ಅದರೊಳಗೆ ಒಂದು ಹೆಸರು. ಆಮೇಲೆ ನನ್ನ ಹೆಸರು ಹಿಡಿದು ಅಂದಳು:

‘ಗೋಡೆ ಮ್ಯಾಲೆ ಬರೀತೀರಂದ್ರೆ ಇನ್ನು ಉಸುರೋದ್ಯಾಕೆ ಮಾದೇವ? ರತ್ನಿ ಕಿವೀಲಿ ನಾನು ಯೋಳಾಕಿಲ್ಲ. ಗೋಡೆ ತಾವ ಕರ್ಕೊಂಡೋಗಿ ತೋರುಸ್ತೀನಿ.’

ರತ್ನಮ್ಮ ಅವಳ ಸೊಸೆ, ಚಿಕ್ಕಸ್ವಾಮಿಯ ಹೆಂಡತಿ. ಆಗಲಿ ಅವ್ವ ಎಂದೆ. ನಂಬಿಯೇ ಹೇಳಿದೆ. ತಾಯಮ್ಮ ಹೇಳಿದ್ದನ್ನು ನಾನು ನಂಬಿದ್ದೆ — ಊರೆಲ್ಲ ಕೊಟ್ಟ ಹೆಸರುಗಳಲ್ಲಿ ನಾನು ನಂಬಿದ್ದು ಅದೊಂದನ್ನೇ ಇರಬೇಕು. ಹಾಗಿದ್ದೂ ಕೆತ್ತುವವರಿಗೆ ಕೊಡುವಾಗ ಅದೊಂದನ್ನೇ ಬಿಟ್ಟೆ.

ಯಾರೂ ಬಿಡು ಎನ್ನಲಿಲ್ಲ. ಸಮಿತಿಯ ಅಧ್ಯಕ್ಷರಾದ ಪಟೇಲರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು, ನನಗೊಂದು ನೆಪವಾದರೂ ಸಿಗುತ್ತಿತ್ತು. ನಾನೊಬ್ಬನೇ ಕೂತು ನೋಡಿಕೊಂಡೆ — ಆ ಹೆಸರು ಕಂಡು ಪಟೇಲರ ಮುಖ ಕೆಂಪಾಗುವುದನ್ನು, ರಾತ್ರೋರಾತ್ರಿ ಯಾರೋ ಕಲ್ಲಿಗೆ ಸಗಣಿ ಎರಚುವುದನ್ನು, ಪೊಲೀಸ್ ಜೀಪನ್ನು, ನನ್ನನ್ನು ಎಚ್.ಡಿ. ಕೋಟೆಯ ಕಾಡಂಚಿನ ಯಾವುದೋ ಶಾಲೆಗೆ ಎತ್ತಿ ಹಾಕುವುದನ್ನು. ಆಗದೆ ಇರುವುದನ್ನು ಕಣ್ಣಾರೆ ಕಾಣುವ ವಿದ್ಯೆ ನನಗೆ ಹುಟ್ಟಿನಿಂದ ಬಂದದ್ದು. ಆಗುತ್ತಿರುವುದು ಕಾಣುವುದಿಲ್ಲ, ಅದೊಂದು ಕೊರತೆ.

ಉದ್ಘಾಟನೆಯ ದಿನ ಚಿಕ್ಕಸ್ವಾಮಿ ಬರಲಿಲ್ಲ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಸೊಪ್ಪು ಬೇಯುತ್ತಿತ್ತು, ಬೆಂಕಿ ಬಿಟ್ಟು ಬರುವಂತಿಲ್ಲ ಎಂದ. ಬೆಂಕಿ ನೆಪ. ತಾಯಮ್ಮ ಬಂದಳು — ಮಡಿಕೆ ಬಿಚ್ಚದ ಸೀರೆ, ಕೈಯಲ್ಲಿ ಬಾಳೆಹಣ್ಣು, ಎಲೆ ಅಡಿಕೆ, ಕರ್ಪೂರ. ಅವಳು ಬರುತ್ತಿರುವುದನ್ನು ದೂರದಿಂದಲೇ ಕಂಡೆ. ಮ್ಯೂಸಿಯಮ್ಮಿನೊಳಗೆ ನುಸುಳಿಕೊಳ್ಳಲು ನೋಡಿದೆ. ಬಾಗಿಲಲ್ಲಿ ಮಂತ್ರಿಗಳ ಜೊತೆಯವರು ತುಂಬಿದ್ದರು. ಮಾದೇವ, ನಮ್ಮಜ್ಜ ಎಲ್ಲವ್ನಪ್ಪ, ಎಂದಳು. ಇಪ್ಪತ್ತು ಮಾರು ದೂರದಲ್ಲಿ ಪಟೇಲರು ನಿಂತಿದ್ದರು. ಹೆಸರು ಇಲ್ಲ ಅವ್ವ, ಬಿಟ್ಟುಹೋಗಿದೆ — ಇಷ್ಟು ಹೇಳಬೇಕಿತ್ತು. ಅವಳು ಅಲ್ಲೇ ದನಿ ಎತ್ತಿದರೆ, ಪಟೇಲರು ಇತ್ತ ತಿರುಗಿದರೆ...

ಆ ಗಳಿಗೆಯಲ್ಲೂ ನನ್ನ ಮುಂದಾಲೋಚನೆ ಕೈಬಿಡಲಿಲ್ಲ, ನೋಡಿ. ನಾಳೆ ಇವಳೊಬ್ಬಳೇ ಬಂದರೆ — ಸೊಸೆಯನ್ನು ಕರೆತರುತ್ತೇನೆ ಎಂದದ್ದು ಆಗ ಹೊಳೆಯಲೇ ಇಲ್ಲ — ಹೆಸರು ಎಲ್ಲಿ ಎಂದು ಯಾರನ್ನೂ ಕೇಳುವಂತಾಗಬಾರದು, ಗುರುತು ಸುಲಭವಾಗಿರಬೇಕು. ಅದಕ್ಕೇ ಮೊದಲ ಸಾಲಿನ ಮೊದಲ ಹೆಸರನ್ನೇ ಆರಿಸಿದೆ. ಅದು ಪಟೇಲರ ಮನೆಯ ಹಿರಿಯ ದೊಡ್ಡವೀರೇಗೌಡನ ಹೆಸರು. ಊರಿನ ಕತೆಯ ಪ್ರಕಾರ, ಬಾಗಿಲು ತೆಗೆದವನ ವಂಶಕ್ಕೆ ಸಾಯುತ್ತಾ ಶಾಪ ಹಾಕಿದವನು.

ತಾಯಮ್ಮ ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಗುಳಿ ಗುಳಿಯನ್ನೂ ಮುಟ್ಟಿದಳು. ಕರ್ಪೂರ ಹಚ್ಚಿ, ಹಣ್ಣಿಟ್ಟು, ಹೊಸ ಸೀರೆಯನ್ನು ಲೆಕ್ಕಿಸದೆ ಮಣ್ಣಿನಲ್ಲಿ ಅಡ್ಡಬಿದ್ದಳು. ಎದ್ದಾಗ ಅವಳ ಮುಖ — ಅದನ್ನು ಬರೆಯುವ ಯೋಗ್ಯತೆ ನನಗಿಲ್ಲ.

ಊಟದ ಪೆಂಡಾಲಿನಿಂದ ಅರ್ಧ ಊರು ಅದನ್ನು ನೋಡಿತು. ಬಾಗಿಲವರ ಮನೆ ಮುದುಕಿ ಗೌಡನ ಹೆಸರಿಗೆ ಅಡ್ಡಬಿದ್ದಳು. ಅಷ್ಟು ತಲೆಮಾರಿನ ಮೇಲೆ ತಪ್ಪು ಒಪ್ಪಿಕೊಂಡಳು. ಪಾಯಸ ಬಡಿಸುವ ಹೊತ್ತಿಗೆ ಮಾತು ಎಲೆಯಿಂದ ಎಲೆಗೆ ಹೋಗಿತ್ತು. ಮಾರನೆಯ ದಿನ ಟೀ ಅಂಗಡಿಯಲ್ಲಿ ಚಿಕ್ಕಸ್ವಾಮಿಗೂ ತಲುಪಿತು. ಅವತ್ತು ಅವನು ತಿರುಗಿ ಏನೂ ಅನ್ನಲಿಲ್ಲವಂತೆ. ಲೋಟ ಇಟ್ಟು ಎದ್ದುಹೋದನಂತೆ. ಮನೆಯಲ್ಲೂ ಏನೂ ಕೇಳಲಿಲ್ಲ. ಊರು ಅಂದದ್ದನ್ನು ತಾಯಿಯ ಮುಂದೆ ಬಾಯಿಬಿಟ್ಟು ಹೇಳುವುದು ಹೇಗೆ?

ಅಮಾವಾಸ್ಯೆಯ ದಿನ ತಾಯಮ್ಮ ಹೇಳಿದ್ದಂತೆಯೇ ಸೊಸೆಯನ್ನು ಗೋಡೆಯ ಹತ್ತಿರ ಕರೆದುಕೊಂಡು ಹೋದಳು. ಎಲೆ ಹಾಕಿ ಎಡೆ ಬಡಿಸಿ, ನೋಡ್ಕೋ, ಇವನೇ ನಮ್ಮಜ್ಜ, ಓದು, ಎಂದಳಂತೆ. ರತ್ನಮ್ಮ ಏಳನೇ ಕ್ಲಾಸು ಓದಿದ್ದಳು. ಓದಿದಳು.

ಎಡೆ ಎಲೆಯನ್ನು ಅಲ್ಲೇ ಬಿಟ್ಟು ಬಂದರಂತೆ ಅತ್ತೆ ಸೊಸೆ. ಅವತ್ತೇ ಸಂಜೆ ಚಿಕ್ಕಸ್ವಾಮಿ ನನ್ನ ಮನೆಗೆ ಬಂದ. ಕೂರಲಿಲ್ಲ. ಮೈಯೆಲ್ಲ ಹೊಗೆಸೊಪ್ಪಿನ ಘಾಟು.

‘ಅವ್ವ ನಿನ್ ಎಸ್ರು ಯೋಳ್ತಾವ್ಳೆ. ನೀನೇ ತೋರ್ಸಿದ್ದು ಅಂತಾಳೆ. ನಿಜ ಏನ್ಲಾ?’

ಇಲ್ಲಿ, ಈ ಒಂದು ಜಾಗದಲ್ಲಿ, ಎಲ್ಲವನ್ನೂ ಸರಿ ಮಾಡಬಹುದಾಗಿತ್ತು. ಅವನು ಸಿಟ್ಟಿನಿಂದ ಕೇಳಲಿಲ್ಲ; ನಾನು ಹೌದು ಎನ್ನಲಿ ಎಂದು ಕಾಯುತ್ತಿದ್ದ. ತಾಯಿ ತಲೆ ಬಾಗಿಸಲಿಲ್ಲ ಎನ್ನುವುದಕ್ಕೆ ಒಂದು ಸಾಕ್ಷಿ ಬೇಕಿತ್ತು ಅವನಿಗೆ. ನನ್ನ ಹೆಂಡತಿ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಪಕ್ಕದ ಮನೆಯವರ ಕಿಟಕಿ ತೆರೆದಿತ್ತು. ನಾನು ದನಿ ತಗ್ಗಿಸಿ, ಬಹಳ ಅನುಕಂಪದಿಂದ ಅವನ ಹೆಗಲ ಮೇಲೆ ಕೈ ಇಟ್ಟು ಹೇಳಿದೆ:

‘ವಯಸ್ಸಾಯ್ತಲ್ಲ ಕಣೋ. ಅರಳುಮರಳು. ಏನೋ ಕಲಸ್ಕೊಂಡಿದ್ದಾರೆ.’

ಅವನು ತಲೆಯಾಡಿಸಿದ. ನನ್ನನ್ನು ನಂಬಿದ. ಒಂದನೇ ಕ್ಲಾಸಿನಿಂದ ಜೊತೆಗೆ ಕೂತವನನ್ನಲ್ಲದೆ ಇನ್ಯಾರನ್ನು ನಂಬುತ್ತಾನೆ?

ತಾಯಮ್ಮನಿಗೆ ಅರಳೂ ಇರಲಿಲ್ಲ, ಮರಳೂ ಇರಲಿಲ್ಲ. ಬ್ಯಾರನ್ನಿನ ಉರಿ ಎಷ್ಟಿದೆ ಎಂದು ಗೋಡೆ ಮುಟ್ಟಿ ಹೇಳುತ್ತಿದ್ದವಳು. ಆ ಮಾತಿನ ನಂತರ ಅವಳು ಹೇಳಿದ್ದಕ್ಕೆಲ್ಲ ಮನೆಯವರು ಹೂಂಗುಟ್ಟತೊಡಗಿದರು, ಮಕ್ಕಳಿಗೆ ಹೂಂಗುಟ್ಟುವಂತೆ. ರತ್ನಮ್ಮ ಮಾತ್ರ ಒಮ್ಮೆ ಕೇಳಿದಳಂತೆ — ಹೋಗಲಿ ಅತ್ತೆ, ಅಜ್ಜನ ಹೆಸರು ಏನು, ನನಗೆ ಹೇಳಿ ಎಂದು. ತಾಯಮ್ಮ ಹೇಳಲಿಲ್ಲ. ಅರಳುಮರಳಿನವಳ ಬಾಯಲ್ಲಿ ಬಂದ ಹೆಸರಿಗೆ ಏನು ಬೆಲೆ, ಮೇಷ್ಟ್ರ ಹತ್ತಿರ ಕೊಟ್ಟಿದ್ದೀನಿ, ಮೇಷ್ಟ್ರೇ ಬಂದು ಹೇಳಲಿ ಎಂದಳಂತೆ. ವರ್ಷ ವರ್ಷ ಎಡೆಯ ದಿನ ಅದೇ ಮಾತು. ಬಾಗಿಲು ಮುಚ್ಚಿ, ಎಲೆ ಹಾಕಿ, ಬಾಯಿ ಬಿಗಿದು ಕೂರುತ್ತಿದ್ದಳಂತೆ.

ಇದನ್ನೆಲ್ಲ ಚಿಕ್ಕಸ್ವಾಮಿಯೇ ನನಗೆ ಹೇಳುತ್ತಿದ್ದ, ಅವ್ವನ ಹಟ ಎಂದು ನಗುತ್ತ. ನಾನು ಆ ಬೀದಿಯಲ್ಲಿ ಓಡಾಡುವುದು ಬಿಟ್ಟೆ. ಕೆರೆ ಏರಿಯ ಮೇಲೆ ಸುತ್ತಿಕೊಂಡು ಶಾಲೆಗೆ ಹೋಗುತ್ತಿದ್ದೆ. ಯಾರಾದರೂ ಕೇಳಿದರೆ ಡಾಕ್ಟರು ನಡೆಯಲು ಹೇಳಿದ್ದಾರೆ ಎನ್ನುತ್ತಿದ್ದೆ.

ಅವಳು ಹಾಸಿಗೆ ಹಿಡಿದಾಗ ಹೋಗಲೇಬೇಕಾಯಿತು. ಹೇಳಿಬಿಡುತ್ತೇನೆ ಎಂದೇ ಹೋದೆ. ಹೋದರೆ, ಮಂಚದ ಪಕ್ಕದಲ್ಲಿ ಪಟೇಲರ ತಮ್ಮ, ತಮ್ಮನ ಹೆಂಡತಿ — ನೋಡಿಕೊಂಡು ಹೋಗಲು ಬಂದವರು, ಕಾಫಿ ಕುಡಿಯುತ್ತಿದ್ದಾರೆ. ರತ್ನಮ್ಮ ಕಾಲ ಕಡೆ ನಿಂತಿದ್ದಳು. ತಾಯಮ್ಮ ಕಣ್ಣು ತೆರೆದಳು. ಚಿಕ್ಕಂದಿನಿಂದ ನನ್ನನ್ನು ಹೆಸರು ಹಿಡಿದೇ ಕರೆದವಳು, ಅವತ್ತು ಹಾಗೆ ಕರೆಯಲಿಲ್ಲ.

‘ಮೇಷ್ಟ್ರೇ, ನಾನು ನಿಮ್ಗೆ ಯಾವ ಎಸ್ರು ಯೋಳಿದ್ದೆ?’

ನೆನಪಿಲ್ಲದೆ ಕೇಳಿದ್ದಲ್ಲ. ಸೊಸೆಯ ಎದುರು ನನ್ನ ಬಾಯಿಂದ ಕೇಳಬೇಕಿತ್ತು ಅವಳಿಗೆ. ಕಾಫಿ ಲೋಟಗಳು ನಿಂತವು. ಒಂದೇ ಒಂದು ಹೆಸರು — ನಾಲಿಗೆಯ ತುದಿಯಲ್ಲಿತ್ತು, ಎಂದೂ ಮರೆತಿರಲಿಲ್ಲ — ಅದು ಅಲ್ಲೇ ಇತ್ತು. ನಾನು ಅವಳ ಹೊದಿಕೆ ಸರಿಮಾಡಿದೆ. ಆಯಾಸ ಮಾಡಿಕೊಳ್ಳಬೇಡಿ, ಮಲಗಿ ಎಂದೆ.

ಅವಳು ಆ ಕಡೆ ತಿರುಗಿ ಮಲಗಿದಳು. ಆ ವಾರವೇ ತೀರಿಕೊಂಡಳು.

ತಿಥಿ ಎಲ್ಲ ಮುಗಿದ ಮೇಲೆ, ಸುಮ್ಮನೆ ಮಾತಿಗೆ ಎನ್ನುವಂತೆ ಪಟೇಲರನ್ನು ಕೇಳಿದೆ — ಅವತ್ತು ಬಾಗಿಲವರ ಮನೆಯದೂ ಒಂದು ಹೆಸರು ಕೊಟ್ಟಿದ್ದರೆ ನೀವೇನನ್ನುತ್ತಿದ್ದಿರಿ? ‘ಏನಂತಿದ್ನೋ. ನೀವ್ ಕೇಳ್ನೇ ಇಲ್ವಲ್ಲ ಮೇಷ್ಟ್ರೇ’ ಎಂದರು. ಬೇಡ ಎನ್ನುತ್ತಿದ್ದರೋ ಏನೋ. ಬೇಡ ಎನ್ನುವ ಅವಕಾಶವನ್ನೂ ನಾನು ಅವರಿಗೆ ಕೊಟ್ಟಿರಲಿಲ್ಲ. ಅವರ ಪಾಲಿನ ಕೆಟ್ಟತನವನ್ನೂ ನಾನೇ ಮುಂಗಡವಾಗಿ ಮಾಡಿ ಮುಗಿಸಿದ್ದೆ.

ಆ ವರ್ಷದ ಅಮಾವಾಸ್ಯೆಗೆ ಬೆಳಿಗ್ಗೆಯೇ ಹೋದೆ. ಚಿಕ್ಕಸ್ವಾಮಿ ಜಗುಲಿಯ ಮೇಲೆ ಬಾಳೆಎಲೆ ಒರೆಸುತ್ತಿದ್ದ. ಅವನ ಎದುರು ನಿಂತು, ಕೂರದೆ, ಎಲ್ಲ ಹೇಳಿದೆ — ಬಿಟ್ಟದ್ದು, ಬೆರಳು ಹಿಡಿದದ್ದು, ಅರಳುಮರಳು ಎಂದದ್ದು, ಮಂಚದ ಹತ್ತಿರ ಹೊದಿಕೆ ಎಳೆದದ್ದು. ಅವನು ಒಂದೇ ಎಲೆಯನ್ನು ಒರೆಸುತ್ತಲೇ ಇದ್ದ. ರತ್ನ ಎಂದು ಕರೆದ. ಅವಳು ಬಾಗಿಲಲ್ಲೇ ಇದ್ದಳು, ಎಲ್ಲ ಕೇಳಿಸಿಕೊಂಡಿದ್ದಳು.

ಕಿವಿಯಲ್ಲಿ ಹೇಳಲೆಂದು ನಾನು ಹತ್ತಿರ ಹೋದೆ. ಅವಳು ಹಿಂದಕ್ಕೆ ಸರಿದಳು.

‘ಕಿವೀಲಿ ಬ್ಯಾಡ. ಅಲ್ಲಿಂದ್ಲೇ ಯೋಳಿ, ಗಟ್ಟಿಯಾಗಿ.’

ನಾನು ಮೊದಲು ಬೀದಿಯ ಕಡೆ ನೋಡಿದೆ. ಇಷ್ಟೆಲ್ಲ ಆದ ಮೇಲೂ, ಮೊದಲು ನೋಡಿದ್ದು ಬೀದಿಯನ್ನೇ. ಕೊನೇ ಬೆಂಚಿಗೆ ಕೇಳಿಸುವ ನನ್ನ ಗಂಟಲು ಜಗುಲಿ ದಾಟಲಿಲ್ಲ. ಕೇಳಿಸಲಿಲ್ಲ ಎಂದಳು. ಇನ್ನೊಮ್ಮೆ ಹೇಳಿದೆ.

‘ಕರಿಬೋರ.’

ಕೆರೆಯ ಕಡೆ ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದರು; ನೋಡಿ, ತಮ್ಮ ಪಾಡಿಗೆ ಹೋದರು. ರತ್ನಮ್ಮ ತುಟಿಯೊಳಗೇ ಆ ಹೆಸರನ್ನು ಹೇಳಿಕೊಳ್ಳುತ್ತ ಒಳಗೆ ಹೋದಳು. ಚಿಕ್ಕಸ್ವಾಮಿ ಎಲೆ ಕೆಳಗಿಟ್ಟ. ಬೈಯುತ್ತಾನೆ ಎಂದುಕೊಂಡೆ, ಹೊಡೆದರೂ ಹೊಡೆದಾನು ಎಂದುಕೊಂಡೆ. ಅವನು ಕೇಳಿದ್ದು ಇಷ್ಟೇ:

‘ಅವ್ವ ಇದ್ದಾಗ ಇದ್ನ ಯೋಳಾಕೆ ಏನಾಗಿತ್ಲಾ ನಿಂಗೆ?’

ನನಗೆ ಏನೂ ಆಗಿರಲಿಲ್ಲ. ಅದನ್ನೇ ಹೇಳಿದೆ.